ಹಿಮಗೊರಳಕ್ಕೆ ಇಬ್ಬರು ಸಾಕ್ಷಿ

ಬಹಳ ಹಿಂದೆ, ದಾರಿ ತಪ್ಪಿದವರೆಲ್ಲ ಒಂದಲ್ಲ ಒಂದು ದಿನ ಹಾದುಹೋಗಲೇಬೇಕಾದ ರಾಜ್ಯವೊಂದಿತ್ತು. ಆ ರಾಜ್ಯದ ಉತ್ತರದ ಅಂಚಿನಲ್ಲಿ, ಬೆಳಗಿನ ದಟ್ಟ ಮಂಜಿನಲ್ಲಿ, ಮಾಳವ್ವನೆಂಬ ಸೂಜಿ ಮಾರುವ ಹೆಂಗಸು ಒಂದೇ ಹುತ್ತವನ್ನು ಮೂರನೇ ಸಲ ನೋಡುತ್ತ ನಿಂತಿದ್ದಳು. ಮೊದಲ ಸಲ ನೋಡಿದಾಗ ಎಷ್ಟು ಚೆಂದದ ಹುತ್ತ ಅಂದುಕೊಂಡಿದ್ದಳು. ಎರಡನೇ ಸಲ ನೋಡಿದಾಗ ಇದು ಬೇರೆ ಹುತ್ತವಿರಬೇಕು ಅಂದುಕೊಂಡಳು. ಮೂರನೇ ಸಲ ಅದನ್ನು ಬೈದಳು.

ದಾರಿ ತಪ್ಪುವುದು ಅವಳಿಗೆ ಹೊಸದಲ್ಲ. ಇಪ್ಪತ್ತೆರಡು ರಾಜ್ಯ ಸುತ್ತಿದವಳು. ಉಪ್ಪಿನ ಬಯಲಿನಲ್ಲಿ ಎಂಟು ದಿನ ನಡೆದಿದ್ದಳು, ಹಡಗಿನಲ್ಲಿ ವಾಂತಿ ಮಾಡಿಕೊಂಡು ಮೂರು ಸಮುದ್ರ ದಾಟಿದ್ದಳು, ಒಬ್ಬ ರಾಜನ ಅರಮನೆಯ ಹಿತ್ತಿಲ ಬಾಗಿಲಿನಿಂದ ಬರಿಗಾಲಲ್ಲಿ ಓಡಿದ್ದಳು. ಎಲ್ಲಿ ದಾರಿ ತಪ್ಪಿದರೂ ಒಂದು ನಾಯಿ ಬೊಗಳುವುದೋ, ಒಂದು ಮಗು ಅಳುವುದೋ ಕೇಳಿಸುತ್ತಿತ್ತು. ಇಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಆಗ ಮಂಜಿನೊಳಗಿಂದ ಮೂವತ್ತು ಬಾತುಕೋಳಿಗಳು ಸಾಲಾಗಿ ಬಂದವು. ಹಿಂದೆ ಕೋಲು ಹಿಡಿದ ಒಬ್ಬ ಮುದುಕಿ. ಬಾತುಗಳು ಕೊಕ್ಕು ತೆರೆದು ಮುಚ್ಚಿ, ತೆರೆದು ಮುಚ್ಚಿ, ಒಂದನ್ನೊಂದು ಕರೆಯುತ್ತಿದ್ದವು. ದನಿ ಮಾತ್ರ ಬರುತ್ತಿರಲಿಲ್ಲ.

“ಅಜ್ಜೀ,” ಎಂದಳು ಮಾಳವ್ವ, “ಜೊಂಡುಕೆರೆಗೆ ದಾರಿ ಯಾವುದು?”

“ಯಾವ ದಾರಿ ಹಿಡಿದರೂ ಅಲ್ಲಿಗೇ ಹೋಗುತ್ತೆ ತಾಯಿ. ವಾಪಸು ಬರೋ ದಾರಿ ಕೇಳು. ನನಗದು ಗೊತ್ತಿಲ್ಲ, ಆದರೂ ಕೇಳಿದೆ ಅನ್ನೋ ಸಮಾಧಾನ ಇರುತ್ತೆ ನಿನಗೆ.”

“ಸಮಾಧಾನಕ್ಕೆ ಬಂದವಳಲ್ಲ ನಾನು. ಒಬ್ಬಳನ್ನು ಕರಕೊಂಡು ಹೋಗೋದಿದೆ. ಕೆಂಚವ್ವ ಅಂತ. ಏಳು ವರ್ಷದ ಹಿಂದೆ ಹಿಮಗೊರಳ ಹಕ್ಕಿ ನೋಡಕ್ಕೆ ಬಂದಳು. ಎಡಗಣ್ಣಿನ ಕೆಳಗೆ ಮಚ್ಚೆ. ನಡೆಯುವಾಗ ನೆಲ ನೋಡೋದಿಲ್ಲ, ಮೇಲೆ ನೋಡ್ತಾಳೆ.”

“ಇಲ್ಲಿಗೆ ಬರೋರೆಲ್ಲ ಮೇಲೆ ನೋಡ್ತಾನೇ ಬರ್ತಾರೆ.” ಮುದುಕಿ ಹುತ್ತದ ಪಕ್ಕ ಕೂತಳು. “ಅವಳು ನಿನಗೇನಾಗಬೇಕು? ಅಕ್ಕನೋ, ತಂಗಿಯೋ?”

“ನಾನು ಅವಳ ಸಾಲಗಾತಿ.”

“ದುಡ್ಡಾ?”

“ದುಡ್ಡಾಗಿದ್ದರೆ ಇಷ್ಟು ದೂರ ಬರ್ತಿದ್ದೆನಾ ಅಜ್ಜಿ?”

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಬಾತುಗಳೂ ಕೊಕ್ಕು ತೆರೆದವು.

ಆ ಸಾಲದ ಸಂಗತಿ ಹೀಗೆ. ಮಾಳವ್ವ ಹುಟ್ಟಿದ ಮುಗಿಲೂರಿನಲ್ಲಿ ಹಕ್ಕಿ ನೋಡುವುದು ಹೊಟ್ಟೆಪಾಡಲ್ಲ, ಮರ್ಯಾದೆಯ ಸಂಗತಿ. ಚಳಿಗಾಳಿ ತಿರುಗಿದ ಮೇಲೆ ಊರಿನ ನೋಟದವರೆಲ್ಲ ಕಲ್ಲುಕಟ್ಟೆಯ ಮೇಲೆ ಸೇರುತ್ತಾರೆ. ಒಬ್ಬೊಬ್ಬರೇ ಎದ್ದು ಯಾವ ಹಕ್ಕಿಯನ್ನು ಎಲ್ಲಿ ಕಂಡೆ ಎಂದು ಹೇಳುತ್ತಾರೆ. ಹೇಳಿದರೆ ಸಾಲದು. ಕೂತವರಲ್ಲಿ ಇನ್ನೊಬ್ಬರು ಎದ್ದು “ನಾನೂ ಕಂಡೆ” ಅನ್ನಬೇಕು. ಕೇಳಿದ್ದು ನಡೆಯುವುದಿಲ್ಲ, ಕಂಡಿರಬೇಕು. ಯಾರು ನಿನಗೆ ಹಾಗೆ ಸಾಕ್ಷಿಯಾದರೋ ಅವರಿಗೆ ನೀನೂ ಒಂದು ದಿನ ಸಾಕ್ಷಿಯಾಗಬೇಕು. ಅದನ್ನು ಕಣ್ಣಿನ ಸಾಲ ಅನ್ನುತ್ತಾರೆ.

ಹಿಮಗೊರಳ ಏಳು ವರ್ಷಕ್ಕೊಮ್ಮೆ ಬರುವ ಹಕ್ಕಿ. ಹೆಬ್ಬೆರಳಿನಷ್ಟು ಗಾತ್ರ, ಒಣಗಿದ ಎಲೆಯ ಬಣ್ಣ. ಹಾಡುವಾಗ ಮಾತ್ರ ಕೊರಳಲ್ಲಿ ಬೆಳಕು ಹತ್ತುತ್ತದೆ. ಏಳು ಹಿಮದ ಬೆಟ್ಟ ದಾಟಿ ಬಂದು, ಒಂದೇ ಒಂದು ಬೆಳಿಗ್ಗೆ ಮಂಜು ಏಳುವ ಹೊತ್ತಿಗೆ ಹಾಡಿ, ತೆಂಕಣಕ್ಕೆ ಹೊರಟುಬಿಡುತ್ತದೆ. ಅದನ್ನು ಕಂಡವರಿಗೆ ರಾಜನೇ ತಲೆಗೆ ಬಿಳಿ ತುರಾಯಿ ಕಟ್ಟುತ್ತಿದ್ದ.

ಹದಿನಾಲ್ಕು ವರ್ಷದ ಹಿಂದೆ ಕಲ್ಲುಕಟ್ಟೆಯ ಮೇಲೆ ಮಾಳವ್ವ ಎದ್ದು ನಿಂತು “ಹಿಮಗೊರಳ ಕಂಡೆ” ಅಂದಳು. ಆಗ ಅವಳಿಗೆ ಇಪ್ಪತ್ತು. ಸಾಕ್ಷಿಗೆ ಯಾರೂ ಏಳಲಿಲ್ಲ. ಅವಳು ಗೆಳತಿ ಕೆಂಚವ್ವನ ಕಡೆ ನೋಡಿದಳು. ಹುಟ್ಟಿದಾಗಿನಿಂದ ಒಂದು ಸುಳ್ಳೂ ಹೇಳಿದವಳಲ್ಲ ಕೆಂಚವ್ವ. ಗುಬ್ಬಿಯ ಪುಕ್ಕದಲ್ಲಿ ಒಂದು ಗೆರೆ ಕಡಿಮೆ ಕಂಡರೆ “ಗುಬ್ಬಿಯೋ ಅಲ್ಲವೋ, ಹೇಳಲಾರೆ” ಅನ್ನುವವಳು. ಅವಳು ನಿಧಾನವಾಗಿ ಎದ್ದು “ನಾನೂ ಕಂಡೆ” ಅಂದಳು.

ಮಾಳವ್ವ ತುರಾಯಿ ಕಟ್ಟಿಸಿಕೊಂಡು ದೇಶಾಂತರ ಹೊರಟಳು. ಆ ತುರಾಯಿಯಿಂದ ನಾಲ್ಕು ಅರಮನೆಯಲ್ಲಿ ಊಟ ಸಿಕ್ಕಿತು. ಐದನೆಯ ರಾಜ್ಯದಲ್ಲಿ ಅದನ್ನು ಕೊಟ್ಟು ಒಂದು ಜೊತೆ ಕೆರ ತೆಗೆದುಕೊಂಡಳು. ಕೆರಗಳೇ ಹೆಚ್ಚು ದಿನ ಬಾಳಿದವು. ಅವು ಸವೆದ ಮೇಲೆ ಸೂಜಿ ಮಾರುವುದು ಕಲಿತಳು. ಇತ್ತ ಕೆಂಚವ್ವನ ಕಣ್ಣಿಗೆ ಆ ದಿನದಿಂದ ಯಾವ ಹಕ್ಕಿಯೂ ನೆಟ್ಟಗೆ ಕಾಣಲಿಲ್ಲ. ಏಳು ವರ್ಷ ಸಹಿಸಿ, “ಹೋಗಿ ನಿಜವಾಗಿ ನೋಡಿ ಬರ್ತೀನಿ, ಆಗ ನನ್ನ ಮಾತು ಸುಳ್ಳಾಗೋದಿಲ್ಲ” ಎಂದು ಬುತ್ತಿ ಕಟ್ಟಿಕೊಂಡು ಹೋದವಳು ಹಿಂದಿರುಗಲಿಲ್ಲ. ಈ ಸುದ್ದಿ ಮಾಳವ್ವನಿಗೆ ಮುಟ್ಟಿದ್ದು ಹೋದ ತಿಂಗಳು, ಒಂದು ಸಂತೆಯಲ್ಲಿ, ದಬ್ಬಳಕ್ಕೆ ಚೌಕಾಸಿ ಮಾಡುತ್ತಿದ್ದ ಮುಗಿಲೂರಿನವನೊಬ್ಬನಿಂದ. ಅವನು ದಬ್ಬಳ ಪುಕ್ಕಟೆ ಪಡೆದ.

“ನಿನ್ನ ಬಾತುಗಳಿಗೆ ಏನಾಗಿದೆ ಅಜ್ಜಿ?” ಮಾಳವ್ವ ಕೇಳಿದಳು.

“ನನ್ನದೇ ತಪ್ಪು. ಬೇಟೆಯವರಿಗೆ ಇವನ್ನು ಕೊಡ್ತಿದ್ದೆ. ಇವು ನೀರಲ್ಲಿ ಕೂತು ಕೂಗಿದರೆ ಮೇಲೆ ಹಾರೋ ಕಾಡುಬಾತು ನಮ್ಮೋರೇ ಅಂತ ಇಳಿಯೋವು. ಇಳಿದರೆ ಬಾಣ. ಒಂದು ದಿನ ದನಿಗಳ್ಳ ಬಂದ. ಮೋಸಕ್ಕೆ ಹೊರಟ ದನಿಯೆಲ್ಲ ತನ್ನದು ಅಂದ. ಮೂವತ್ತನ್ನೂ ಸೋರೆಬುರುಡೆಗೆ ತುಂಬಿಕೊಂಡು ಹೋದ.”

“ನಿನ್ನ ದನಿ ಯಾಕೆ ಬಿಟ್ಟ?”

“ನಾನೂ ಕೇಳಿದೆ. ನೀನು ಕೂಗಲಿಲ್ಲವಲ್ಲ, ಕೂಗಿಸಿದೆ ಅಷ್ಟೇ ಅಂದ. ಕಳ್ಳನಾದರೂ ಕಟ್ಟುನಿಟ್ಟು.” ಮುದುಕಿ ಕೋಲಿನಿಂದ ಮಂಜಿನ ಕಡೆ ತೋರಿಸಿದಳು. “ಜೊಂಡುಕೆರೆ ಅವನದ್ದು. ಅಲ್ಲಿ ಕೂತವರ ಕಾಲಿಗೆ ಜೊಂಡು ಹತ್ತುತ್ತೆ. ಏಳು ವರ್ಷಕ್ಕೆ ತಲೆ ಮುಚ್ಚುತ್ತೆ. ಆಮೇಲೆ ಮನುಷ್ಯ ಇರೋದಿಲ್ಲ, ಜೊಂಡೇ ಇರುತ್ತೆ. ಹಿಮಗೊರಳದ ಹಾಡು ಕಿವಿಗೆ ಬಿದ್ದರೆ ಕಳಚುತ್ತೆ ಅಂತಾರೆ. ಆದರೆ ಹೋದ ಸಲ ಆ ಹಕ್ಕಿ ಇಳೀಲೇ ಇಲ್ಲ. ಮೇಲೆ ಮೂರು ಸುತ್ತು ಸುತ್ತಿ ಹೋಗಿಬಿಡ್ತು.”

“ಈ ಸಲ ಯಾವತ್ತು ಬರುತ್ತೆ?”

“ಇವತ್ತು. ಮಂಜು ಏಳೋ ಹೊತ್ತಿಗೆ. ನಿನ್ನ ಗೆಳತಿಗೆ ಏಳು ವರ್ಷ ತುಂಬೋದೂ ಇವತ್ತೇ.”

ಮಾಳವ್ವ ಗಂಟುಮೂಟೆ ಹೆಗಲಿಗೇರಿಸಿದಳು.

“ನಿಲ್ಲು ನಿಲ್ಲು. ಕರೆದರೆ ಓಗೊಡಬೇಡ. ಕಂಡರೆ ಬೆರಳು ಎತ್ತಬೇಡ. ಮೂರನೆಯದೊಂದು ಇದೆ, ಅದೇನು ಅಂತ ನನಗೆ ಗೊತ್ತಿಲ್ಲ.”

“ಯಾರಿಗೆ ಗೊತ್ತು?”

“ಗೊತ್ತಾದವರು ಯಾರೂ ತಿರುಗಿ ಬಂದಿಲ್ಲವಲ್ಲ ತಾಯಿ.”

ಮಾಳವ್ವ ಮುದುಕಿಗೆ ಒಂದು ಒಳ್ಳೆಯ ಸೂಜಿ ಕೊಟ್ಟು, ಕೋಲು ತೋರಿಸಿದ ಕಡೆ ನಡೆದಳು.

ನೂರು ಹೆಜ್ಜೆಗೆ ನೆಲ ಮೆತ್ತಗಾಯಿತು. ಇನ್ನೂರು ಹೆಜ್ಜೆಗೆ ನೀರು ಕಾಲಹರಡು ಮುಟ್ಟಿತು. ಆಮೇಲೆ ಜೊಂಡು ಶುರುವಾಯಿತು, ಆಳೆತ್ತರದ್ದು. ಗಾಳಿಯಿಲ್ಲದಿದ್ದರೂ ಅಲ್ಲಾಡುತ್ತಿತ್ತು.

ಅಷ್ಟರಲ್ಲಿ ಹಕ್ಕಿ ಕೂಗಿತು.

ಮೂರು ಸ್ವರ ಏರಿಕೆ, ಒಂದು ಇಳಿಕೆ. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ್ದ ಹಿಮಗೊರಳದ ಕೂಗು, ಅದೇ. ಎಡಗಡೆಯಿಂದ ಒಂದು. ಬಲಗಡೆಯಿಂದ ಅದಕ್ಕೊಂದು ಉತ್ತರ. ದೂರದಲ್ಲಿ ಮತ್ತೊಂದು. ಮಾಳವ್ವನ ತುಟಿ ತಾನಾಗಿಯೇ ದುಂಡಗಾಯಿತು. ಹಕ್ಕಿ ಕೂಗಿದರೆ ತಿರುಗಿ ಸಿಳ್ಳೆ ಹಾಕಿ ಹತ್ತಿರ ಕರೆಯುವುದು ನೋಟದವರಿಗೆ ಉಸಿರಾಟದಷ್ಟೇ ಸಲೀಸು. ಯಾರೂ ಯೋಚಿಸಿ ಮಾಡುವುದಲ್ಲ.

ಅವಳು ಥಟ್ಟನೆ ಗಂಟಿನಿಂದ ಮೂರು ಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿ ಹಿಡಿದಳು. ಹೊಲಿಯುವವರೆಲ್ಲ ಹಾಗೆ ಹಿಡಿಯುತ್ತಾರೆ. ಸೂಜಿ ಕಚ್ಚಿದ ಬಾಯಲ್ಲಿ ಯಾರಿಗೂ ಸಿಳ್ಳೆ ಹೊಡೆಯಲಾಗುವುದಿಲ್ಲ.

ಎಡಗಡೆಯ ಕೂಗಿನ ಕಡೆ ಜೊಂಡು ಸರಿಸಿ ನೋಡಿದಳು. ಅಲ್ಲಿ ಹಕ್ಕಿಯಿರಲಿಲ್ಲ. ಒಬ್ಬ ಮನುಷ್ಯ ಕುಕ್ಕುರುಗಾಲಲ್ಲಿ ಕೂತು ಸಿಳ್ಳೆ ಹಾಕುತ್ತಿದ್ದ. ಅವನು ಸೂರಪ್ಪ, ಮುಗಿಲೂರಿನ ರಾಜನ ನೋಟದವರ ಮುಖ್ಯಸ್ಥ. ಗಡ್ಡ ಮೊಣಕಾಲು ಮುಟ್ಟಿತ್ತು. ಸೊಂಟದವರೆಗೆ ಜೊಂಡು ಬೆಳೆದಿತ್ತು. ಪೇಟದಲ್ಲಿ ನೀರುಕೋಳಿಯೊಂದು ಮೊಟ್ಟೆಯಿಟ್ಟಿತ್ತು.

“ಸೂರಪ್ಪಣ್ಣ,” ಸೂಜಿಗಳ ಸಂದಿಯಿಂದ ಮಾಳವ್ವ ಪಿಸುಗುಟ್ಟಿದಳು, “ನಾನು ಮಾಳಿ.”

“ಶ್ಶ್! ಸದ್ದು ಮಾಡಬೇಡವೇ. ಹತ್ತಿರ ಬಂದಿದೆ. ನಾನು ಕರೆದರೆ ಉತ್ತರ ಕೊಡ್ತಿದೆ, ಕೇಳು.”

ಅವನು ಸಿಳ್ಳೆ ಹಾಕಿದ. ನೀರಿನಾಚೆಯಿಂದ ಉತ್ತರ ಬಂತು. ಅವನ ಕಣ್ಣು ತುಂಬಿತು.

ಮಾಳವ್ವ ಇಣುಕಿದಳು. ನೀರಿನಾಚೆ, ಜೊಂಡಿನ ಮರೆಯಲ್ಲಿ, ಎದೆಯವರೆಗೆ ಜೊಂಡಾಗಿದ್ದ ಗುಡದಪ್ಪ ಕೂತು ಸಿಳ್ಳೆ ಹಾಕುತ್ತಿದ್ದ. ಅವನೂ ಮುಗಿಲೂರಿನವನೇ, ಸೂರಪ್ಪನ ಪಕ್ಕದ ಮನೆಯವನು.

“ಅಣ್ಣಾ, ಅದು ಗುಡದಪ್ಪ.”

“ಹುಚ್ಚಿ. ಅವನಿಗೆ ಇಷ್ಟು ಚೆನ್ನಾಗಿ ಎಲ್ಲಿ ಬರುತ್ತೆ?”

“ಎಷ್ಟು ದಿನ ಆಯಿತು ನೀನು ಕೂತು?”

“ಮೂರು ದಿನ ಇರಬೇಕು. ಇವತ್ತು ಸಿಕ್ಕೇ ಸಿಗುತ್ತೆ ನೋಡು.” ಅವನ ಪೇಟದ ಮೇಲಿನ ನೀರುಕೋಳಿ ಮೊಟ್ಟೆ ಮಗುಚಿತು.

ಮಾಳವ್ವ ಜೊಂಡು ಸರಿಸಿ ಸುತ್ತ ನೋಡಿದಳು. ಕೆರೆಯ ಸುತ್ತ ಹತ್ತಾರು ಜನ ಹೀಗೆಯೇ ಕೂತಿದ್ದರು. ಒಬ್ಬನ ಸಿಳ್ಳೆಯನ್ನು ಇನ್ನೊಬ್ಬ ಹಕ್ಕಿಯೆಂದು ನಂಬಿ, ಅವನ ಉತ್ತರವನ್ನು ಇವನು ಹಕ್ಕಿಯೆಂದು ನಂಬಿ, ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಹಕ್ಕಿಯಿರಲಿಲ್ಲ. ಇಷ್ಟು ಗದ್ದಲದಲ್ಲಿ ಯಾವ ಹಕ್ಕಿ ತಾನೇ ಇಳಿದೀತು.

ಮಾಳವ್ವ ಮುಂದೆ ಸಾಗಿದಳು. ಸೊಂಟದವರೆಗೆ ನೀರು ಬಂತು. ಸಿಳ್ಳೆಗಳು ಹಿಂದಾದವು. ಆಗ ಎದುರಿಗೆ, ಮಂಜಿನಲ್ಲಿ, ಬಿಳಿಯ ಎಮ್ಮೆಯೊಂದು ಕೊರಳವರೆಗೆ ಮುಳುಗಿ ನಿಂತಿತ್ತು. ಅದರ ಕೊಂಬಿನ ತುದಿಯಲ್ಲಿ ಪುಟ್ಟದೊಂದು ಕಂದು ಹಕ್ಕಿ.

“ಅಗೋ,” ಎಂದಿತು ಕಿವಿಯ ಹತ್ತಿರ ಒಂದು ಮಗುವಿನ ದನಿ. ಅಲ್ಲಿ ಮಗುವಿರಲಿಲ್ಲ.

“ಅಗೋ, ತೋರಿಸೇ, ಎಲ್ಲಿ?” ಎಂದಿತು ಒಂದು ಗಂಡುದನಿ. ಗಂಡಸೂ ಇರಲಿಲ್ಲ.

ಅವಳ ಬಲಗೈ ತಾನಾಗಿ ಏಳತೊಡಗಿತು. ಮೊಣಕೈ ಎದ್ದಿತು, ಮಣಿಕಟ್ಟು ಎದ್ದಿತು. ತೋರುಬೆರಳಿನ ಉಗುರು ಹಸಿರಾಗಿ, ತುದಿಯಲ್ಲಿ ಒಂದು ಜೊಂಡಿನ ಎಸಳು ಚಿಗುರಿತು. ಮಾಳವ್ವ ಎಡಗೈಯಲ್ಲಿ ತುಟಿಯಿಂದ ಒಂದು ಸೂಜಿ ಎಳೆದು, ಸೆರಗಿನ ತುದಿಯ ದಾರ ಪೋಣಿಸಿ, ಬಲಗೈಯ ರವಿಕೆತೋಳನ್ನು ಸೊಂಟದ ಸೀರೆಗೆ ಸೇರಿಸಿ ಹೊಲಿದಳು. ಒರಟು ಹೊಲಿಗೆ, ಏಳು ಚುಚ್ಚು. ಎರಡು ಚುಚ್ಚು ಚರ್ಮಕ್ಕೂ ಬಿದ್ದವು. ಕೈ ಜಗ್ಗಿತು, ಒದ್ದಾಡಿತು, ಸುಮ್ಮನಾಯಿತು. ಎಸಳು ಬಾಡಿ ಉದುರಿತು.

ಎಮ್ಮೆ ಅವಳನ್ನು ನೋಡಿತು. ಅದರ ಕಣ್ಣು ಮನುಷ್ಯರ ಕಣ್ಣು. ಕಣ್ಣಲ್ಲಿ ನೀರು ತುಂಬಿಕೊಂಡು ಅದು ಸದ್ದಿಲ್ಲದೆ ಮುಳುಗಿತು. ಕೊಂಬಿನ ಮೇಲಿನ ಹಕ್ಕಿ ನೀರಿನ ಮೇಲೆ ತೇಲಿತು. ಮಾಳವ್ವ ಬಗ್ಗಿ ನೋಡಿದಳು.

ಒಂದು ಒಣಗಿದ ಹೊಂಗೆ ಎಲೆ.

ಅವಳು ಅದನ್ನು ಗುರುತಿಸಿದಳು. ಹದಿನಾಲ್ಕು ವರ್ಷದ ಹಿಂದೆ, ಮುಗಿಲೂರಿನ ಹಳ್ಳದ ಆಚೆ, ಮುಂಜಾನೆಯ ಅರೆಬೆಳಕಿನಲ್ಲಿ ಒಂದು ಕೊಂಬೆಯ ಮೇಲೆ ಅವಳು ಕಂಡದ್ದು ಇದನ್ನೇ. ಕಂಡ ಕ್ಷಣ ಹಕ್ಕಿ ಅಂದುಕೊಂಡಳು. ಮರುಕ್ಷಣ ಅದು ಗಾಳಿಗೆ ಉದುರಿತು, ಹಾರಲಿಲ್ಲ. ಆ ಮರುಕ್ಷಣವನ್ನು ಇಪ್ಪತ್ತೆರಡು ರಾಜ್ಯ ಸುತ್ತಿ ಮರೆಯಲು ನೋಡಿದ್ದಳು.

ಕೆರೆಯ ನಡುವೆ ಒಂದು ದಿಬ್ಬ. ದಿಬ್ಬದ ಮೇಲೆ ಒಂದು ಕಲ್ಲು. ಕಲ್ಲಿನ ಮೇಲೆ ದನಿಗಳ್ಳ ಕೂತಿದ್ದ.

ಅವನಿಗೆ ಕಣ್ಣಿತ್ತು, ಮೂಗಿತ್ತು. ಬಾಯಿ ಇರಬೇಕಾದ ಕಡೆ ಬರೀ ಚರ್ಮ, ಮಡಕೆಯ ಹೊರಮೈಯಷ್ಟು ನಯ. ಸುತ್ತ ಗೂಟಗಳಿಗೆ ನೂರಾರು ಸೋರೆಬುರುಡೆ ತೂಗುಹಾಕಿತ್ತು. ಮಾತಾಡಬೇಕೆಂದಾಗ ಅವನು ಒಂದು ಬುರುಡೆಯ ಬಿರಡೆ ತೆಗೆಯುತ್ತಿದ್ದ, ಒಂದು ಮಾತು ಹೊರಗೆ ಬಿಟ್ಟು ಮತ್ತೆ ಮುಚ್ಚುತ್ತಿದ್ದ.

“ಬಾ,” ಎಂದಿತು ಒಂದು ಮುದುಕನ ದನಿ. “ಮಾಳವ್ವ,” ಎಂದಿತು ಒಂದು ಮದುಮಗಳ ದನಿ. “ನಿನ್ನನ್ನೇ,” ಎಂದಿತು ಆ ಮಗು, “ಕಾಯ್ತಿದ್ದೆ,” ಎಂದ ಒಬ್ಬ ಗೊಗ್ಗರು ದನಿಯವನು.

ಕಲ್ಲಿನ ಬುಡದಲ್ಲಿ ಕೆಂಚವ್ವ ಕೂತಿದ್ದಳು. ಕೊರಳವರೆಗೆ ಜೊಂಡು ಏರಿತ್ತು. ತುಟಿ ಅಲುಗಿತು, ದನಿಯಿರಲಿಲ್ಲ. ಎಡಗಣ್ಣಿನ ಕೆಳಗಿನ ಮಚ್ಚೆ ಹಾಗೆಯೇ ಇತ್ತು. ಕಣ್ಣು ಮಾತ್ರ ಈಗಲೂ ಮೇಲೆ ನೋಡುತ್ತಿತ್ತು.

“ಕೆಂಚೀ,” ಎಂದಳು ಮಾಳವ್ವ. ಉಳಿದ ಎರಡು ಸೂಜಿ ನೀರಿಗೆ ಬಿದ್ದವು.

ದನಿಗಳ್ಳ ಒಂದು ಸಣ್ಣ ಬುರುಡೆ ಎತ್ತಿ ಬಿರಡೆ ತೆಗೆದ. ಅದರೊಳಗಿಂದ ಕೆಂಚವ್ವನ ದನಿ ಬಂತು. “ನಾನೂ ಕಂಡೆ,” ಎಂದಿತು. “ನಾನೂ ಕಂಡೆ. ನಾನೂ ಕಂಡೆ. ನಾನೂ ಕಂಡೆ.” ಏಳು ವರ್ಷದಿಂದ ಅದು ಬೇರೇನನ್ನೂ ಹೇಳಿರಲಿಲ್ಲ. ಅವನು ಬಿರಡೆ ಮುಚ್ಚಿದ.

ಆಮೇಲೆ ಬುರುಡೆಯಿಂದ ಬುರುಡೆಗೆ ಕೈಯಾಡಿಸುತ್ತ ಅವನು ತನ್ನ ಷರತ್ತು ಹೇಳಿದ. ಅರ್ಧ ಮಾತು ಹೆಂಗಸಿನದು, ಅರ್ಧ ಗಂಡಸಿನದು. “ಹಿಮಗೊರಳದ ದನಿ ಒಂದೇ ನನ್ನಲ್ಲಿ ಇಲ್ಲ. ಇವರೆಲ್ಲ ಕರೆದರೂ ಅದು ಇಳಿಯೋದಿಲ್ಲ. ಅದನ್ನು ಕಂಡವಳ ದನಿ ಕರೆದರೆ ಇಳಿಯುತ್ತೆ. ಲೋಕವೆಲ್ಲ ಬಲ್ಲದು, ನೀನು ಕಂಡವಳು. ಈ ಬುರುಡೆಯೊಳಗೆ ನಾನು ಕಂಡೆ ಅಂತ ಒಂದು ಸಲ ಹೇಳು. ಗೆಳತಿಯನ್ನು ಕರಕೊಂಡು ಹೋಗು.”

ಖಾಲಿ ಬುರುಡೆಯನ್ನು ಅವಳ ಬಾಯಿಗೆ ಹಿಡಿದ. ಒಳಗೆ ಕತ್ತಲಿತ್ತು. ಆ ಕತ್ತಲು ಉಸಿರಾಡುತ್ತಿತ್ತು.

ಜೊಂಡು ಕೆಂಚವ್ವನ ಗದ್ದ ಮುಟ್ಟಿತು.

ಇದೇ ಮೂರನೆಯದು ಎಂದು ಮಾಳವ್ವನಿಗೆ ತಿಳಿಯಿತು. ಎರಡೇ ಮಾತು. ಸಾವಿರ ಸಲ ಹೇಳಿದ ಮಾತು, ಅರಮನೆಗಳಲ್ಲಿ, ಛತ್ರಗಳಲ್ಲಿ, ಹಡಗಿನ ಅಟ್ಟದ ಮೇಲೆ. ಹೇಳಿ ಹೇಳಿ ನಾಲಿಗೆಗೆ ಅದು ನುಣ್ಣಗಾಗಿತ್ತು. ಅವಳು ಬಾಯಿ ತೆರೆದಳು.

“ನಾನು ಕಾಣಲಿಲ್ಲ,” ಅಂದಳು.

ದನಿಗಳ್ಳ ಬುರುಡೆಯನ್ನು ಇನ್ನೂ ಹತ್ತಿರ ಒತ್ತಿದ.

“ನಾನು ಕಂಡದ್ದು ಹೊಂಗೆ ಎಲೆ. ಎಲೆ ಅಂತ ಆಗಲೇ ಗೊತ್ತಿತ್ತು. ತುರಾಯಿ ಆಸೆಗೆ ಸುಳ್ಳು ಹೇಳಿದೆ. ಕೆಂಚಿ ಹೇಳಿದ ಸುಳ್ಳು ಅವಳದ್ದಲ್ಲ. ಅದು ನನ್ನದು, ನಾನು ಅವಳ ಬಾಯಲ್ಲಿಟ್ಟದ್ದು.”

ಖಾಲಿ ಬುರುಡೆ ಖಾಲಿಯಾಗಿಯೇ ಉಳಿಯಿತು. ಮೋಸವಿಲ್ಲದ ದನಿ ಅದರೊಳಗೆ ನಿಲ್ಲಲಿಲ್ಲ. ಗೂಟದ ಮೇಲಿದ್ದ ಸಣ್ಣ ಬುರುಡೆ ಚಟ್ಟನೆ ಸೀಳಿತು. ಕೆಂಚವ್ವ ಕೆಮ್ಮಿದಳು. ಏಳು ವರ್ಷದ ಕೆಮ್ಮು.

“ಮಾಳೀ,” ಅಂದಳು, “ಎಲೆಗೂ ಹಕ್ಕಿಗೂ ವ್ಯತ್ಯಾಸ ನಿನಗೆ ಆವತ್ತೂ ಗೊತ್ತಾಗ್ತಿರಲಿಲ್ಲ.”

“ನಿನಗೆ ಗೊತ್ತಿತ್ತಾ?”

“ಆವತ್ತು ಹಳ್ಳದ ಹತ್ತಿರ ನಿನ್ನ ಪಕ್ಕದಲ್ಲೇ ನಿಂತಿದ್ದೆನಲ್ಲೇ.”

“ಮತ್ತೆ ಯಾಕೆ ಎದ್ದು ನಿಂತೆ?”

“ನೀನು ನನ್ನ ಕಡೆ ನೋಡಿದೆ,” ಅಂದಳು ಕೆಂಚವ್ವ. ಆಮೇಲೆ ಕಣ್ಣು ಮುಚ್ಚಿ ಕಿವಿಗೊಟ್ಟಳು. “ಮಾತು ಆಮೇಲೆ. ಮೊದಲು ಈ ಸಿಳ್ಳೆ ನಿಲ್ಲಬೇಕು. ಇಲ್ಲದಿದ್ದರೆ ಅದು ಇಳಿಯೋದಿಲ್ಲ.”

ಏಳು ವರ್ಷ ಕೂತು ಕೆಂಚವ್ವ ಒಂದು ಕೆಲಸ ಕಲಿತಿದ್ದಳು. ಯಾವ ಸಿಳ್ಳೆ ಯಾರದ್ದೆಂದು ಅವಳಿಗೆ ಗೊತ್ತಿತ್ತು. ಒಂದೇ ಜಾತಿಯ ಎರಡು ಹಕ್ಕಿಗಳನ್ನು ದನಿಯಲ್ಲೇ ಬೇರೆ ಮಾಡುವವಳಿಗೆ ಮನುಷ್ಯರನ್ನು ಬೇರೆ ಮಾಡುವುದು ಕಷ್ಟವಲ್ಲ.

“ಸೂರಪ್ಪಣ್ಣಾ!” ಎಂದು ಕೂಗಿದಳು. “ಎದುರಿಗಿರೋದು ಗುಡದಪ್ಪ! ಮೂರನೇ ಸ್ವರದಲ್ಲಿ ಉಗುಳು ಹಾರುತ್ತೆ ಅವನಿಗೆ, ಮುಂದಿನ ಹಲ್ಲಿಲ್ಲ!”

ನೀರಿನಾಚೆ ಒಂದು ಸಿಳ್ಳೆ ನಡುವೆಯೇ ನಿಂತಿತು. “ಯಾರು, ಸೂರನಾ?” ಎಂದಿತು ಗುಡದಪ್ಪನ ದನಿ. “ಇಷ್ಟು ವರ್ಷ ನೀನಾ ಅದು?”

“ನಾನೇ ಕಣೋ, ಬಡ್ಡೀಮಗನೇ. ಎಷ್ಟು ಚೆನ್ನಾಗಿ ಕರೀತಿದ್ದೆಯೋ!”

“ನೀನು ಮಾತ್ರ ಕಡಿಮೆಯೇನೋ?”

ಗೂಟದ ಮೇಲೆ ಎರಡು ಬುರುಡೆ ಸೀಳಿದವು. ಕೆರೆಯಲ್ಲಿ ಒಂದು ಮೋಸ ಬಯಲಾದರೆ ಅಲ್ಲೊಂದು ಬುರುಡೆ ನಿಲ್ಲುತ್ತಿರಲಿಲ್ಲ.

“ಓಬಯ್ಯಮಾವ! ನೀವು ಕೊನೆಯ ಸ್ವರ ಎಳೀತೀರ, ಹಿಮಗೊರಳ ಎಳೆಯೋದಿಲ್ಲ! ನಿಮಗೆ ಉತ್ತರ ಕೊಡ್ತಿರೋದು ನಿಮ್ಮ ಅಳಿಯ!”

ಒಂದೊಂದೇ ಹೆಸರು ಹಿಡಿದು ಅವಳು ಕರೆದಳು. ಒಂದೊಂದೇ ಸಿಳ್ಳೆ ನಿಂತಿತು. ಒಂದೊಂದೇ ಬುರುಡೆ ಒಡೆಯಿತು. ದನಿಗಳ್ಳ ಗೂಟದಿಂದ ಗೂಟಕ್ಕೆ ಓಡಿದ. ಏನೋ ಹೇಳಬೇಕೆಂದು ಬುರುಡೆ ಎತ್ತಿದರೆ ಅದು ಕೈಯಲ್ಲೇ ಬಿರಿಯುತ್ತಿತ್ತು. ಮಗು ಹೋಯಿತು, ಮದುಮಗಳು ಹೋದಳು, ಮುದುಕ ಹೋದ. ಕೊನೆಗೆ ಒಂದೇ ಉಳಿಯಿತು, ಎಲ್ಲಕ್ಕಿಂತ ದೊಡ್ಡದು. ಅವನು ದಿಕ್ಕುತಪ್ಪಿ ಅದರ ಬಿರಡೆ ಕಿತ್ತೆಸೆದ. ಮೂವತ್ತು ಬಾತುಗಳ ದನಿ ಒಟ್ಟಿಗೇ ಹೊರಬಿದ್ದು, ಗ್ವಾಕ್ ಗ್ವಾಕ್ ಎಂದು ಅವನ ಮುಖಕ್ಕೆ ಅಪ್ಪಳಿಸಿ, ಮಂಜಿನ ಮೇಲೆ ಹಾರಿ ಹುತ್ತದ ಕಡೆ ಹೋಗಿ ಮರೆಯಾಯಿತು.

ದನಿಗಳ್ಳ ಕಿರುಚಬೇಕೆಂದ. ಬಾಯಿರಲಿಲ್ಲ. ಕೂಗು ಒಳಗೇ ಬೆಳೆಯಿತು. ಮುಖದಲ್ಲಿ ಒಂದು ಬಿರುಕು ಬಿಟ್ಟಿತು, ಬಿರುಕು ಎದೆಗೆ ಇಳಿಯಿತು, ಅವನು ಒಣಸೋರೆಯಂತೆ ಎರಡು ಹೋಳಾದ. ಒಳಗೆ ಒಂದು ಹಿಡಿ ಬೀಜ ಬಿಟ್ಟರೆ ಏನೂ ಇರಲಿಲ್ಲ. ಬೀಜ ನೀರಿಗೆ ಬಿತ್ತು, ಮೀನು ತಿಂದವು.

ಕೆರೆ ಮೌನವಾಯಿತು. ಯಾರೂ ಕರೆಯಲಿಲ್ಲ, ಯಾರೂ ಓಗೊಡಲಿಲ್ಲ.

ಮಂಜು ನೀರಿನಿಂದ ಒಂದು ಗೇಣು ಮೇಲೆದ್ದಿತು. ಎರಡು ಗೇಣು. ಮೇಲೆಲ್ಲೋ ಸಣ್ಣ ರೆಕ್ಕೆಯ ಸದ್ದು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಮೂರನೆಯ ಸುತ್ತಿಗೆ ನಿಂತಿತು.

ಹಿಮಗೊರಳ ಹಾಡಿತು.

ಮೂರು ಸ್ವರ ಏರಿಕೆ, ಒಂದು ಇಳಿಕೆ. ಯಾರೂ ಅದನ್ನು ಸರಿಯಾಗಿ ಅನುಕರಿಸಿರಲಿಲ್ಲ. ಏರುವ ಸ್ವರಗಳ ನಡುವೆ ಹಿಮದ ಬೆಟ್ಟಗಳ ಗಾಳಿ ಬೀಸುತ್ತಿತ್ತು. ಕೆರೆಯ ಸುತ್ತ ಜೊಂಡು ಸರಸರನೆ ಕಳಚಿ ಬಿತ್ತು. ಸೂರಪ್ಪ ಎದ್ದು ನಿಂತ. ಗುಡದಪ್ಪ ಎದ್ದು ನಿಂತ. ಬಿಳಿಯ ಎಮ್ಮೆ ನೀರಿನಿಂದ ಮೇಲೆ ಬಂದಾಗ ಒಬ್ಬ ನಡುವಯಸ್ಸಿನ ಹೆಂಗಸಾಗಿತ್ತು, ಚಳಿಗೆ ನಡುಗುತ್ತಿತ್ತು.

ಇವರೆಲ್ಲ ಊರು ಸೇರಿದರು. ಸೂರಪ್ಪ ಪೇಟದ ಮೊಟ್ಟೆ ಮರಿಯಾಗುವವರೆಗೆ ತಲೆ ಬಗ್ಗಿಸಲಿಲ್ಲ, ಅವನೂ ಗುಡದಪ್ಪನೂ ಸಾಯುವವರೆಗೆ ಅಕ್ಕಪಕ್ಕ ಕೂತು ಬೈದಾಡಿಕೊಂಡು ಸುಖವಾಗಿದ್ದರು. ಬಾತುಗಳ ಗದ್ದಲಕ್ಕೆ ಮುದುಕಿಗೆ ನಿದ್ದೆಯೇ ಬರಲಿಲ್ಲವಂತೆ, ಆ ಸಿಟ್ಟಿನಲ್ಲೇ ಅವಳು ನೂರು ವರ್ಷ ಬಾಳಿದಳು. ಅದೆಲ್ಲ ಆಮೇಲಿನದು.

ಈಗ ಕೆಂಚವ್ವನ ಮೈಯ ಜೊಂಡೂ ಉದುರಿತ್ತು. ಒಂದು ಎಳೆ ಮಾತ್ರ ಉಳಿದಿತ್ತು, ಬಲಗಾಲ ಹರಡಿಗೆ ಸುತ್ತಿಕೊಂಡು. ಮಾಳವ್ವ ಎಳೆದಳು, ಬರಲಿಲ್ಲ. ಅದು ಜೊಂಡಲ್ಲ, ಅವಳು ತೀರಿಸಬೇಕಾದ ಕಣ್ಣಿನ ಸಾಲ. ಅದು ಹಾಡಿಗೆ ಕಳಚುವುದಲ್ಲ. ಬುಡದಿಂದ ಅದು ಮತ್ತೆ ಹಸಿರಾಗಿ ಚಿಗುರತೊಡಗಿತು.

ಕೆಂಚವ್ವ ಕಾಲಿನ ಕಡೆ ನೋಡಲಿಲ್ಲ. ಗದ್ದವನ್ನು ಸ್ವಲ್ಪ ಮುಂದೆ ಚಾಚಿದಳು. ನೋಟದವರು ಬೆರಳೆತ್ತುವುದಿಲ್ಲ.

“ನಾನು ಕಂಡೆ,” ಅಂದಳು, ಉಸಿರಿನಲ್ಲಿ.

ಮಾಳವ್ವ ನೋಡಿದಳು. ಜೊಂಡು ಕಂಡಿತು, ಮಂಜು ಕಂಡಿತು, ಒಣಗಿದ ಎಲೆಗಳು ಕಂಡವು. ಹಾಡು ಕೇಳಿಸುತ್ತಿತ್ತು. ಹಕ್ಕಿ ಕಾಣಲಿಲ್ಲ.

ಕೆಂಚವ್ವ ಅವಳ ಕಡೆ ತಿರುಗಿದಳು. ಹದಿನಾಲ್ಕು ವರ್ಷದ ಹಿಂದೆ ಮಾಳವ್ವ ನೋಡಿದ್ದಳಲ್ಲ, ಹಾಗೆಯೇ ನೋಡಿದಳು. ಜೊಂಡಿನ ಎಳೆ ಮೀನಖಂಡ ಮುಟ್ಟಿತು. ಹಾಡು ಮುಗಿಯುತ್ತ ಬಂದಿತ್ತು. ಎರಡು ಮಾತು ಸಾಕಿತ್ತು, ಸುಳ್ಳೆಂದು ಹಿಡಿಯಲು ದನಿಗಳ್ಳನೂ ಇರಲಿಲ್ಲ.

“ತಡಿಯೇ,” ಅಂದಳು ಮಾಳವ್ವ. “ನನಗಿನ್ನೂ ಕಂಡಿಲ್ಲ.”

ಕೆಂಚವ್ವ ನಕ್ಕಳು. “ಇಲ್ಲಿ ಬಾ. ನನ್ನ ಕಣ್ಣಿಂದ ನೋಡು.”

ಮಾಳವ್ವ ಮೊಣಕಾಲೂರಿ, ಕೆನ್ನೆಯನ್ನು ಗೆಳತಿಯ ತಣ್ಣನೆಯ ಕೆನ್ನೆಗೆ ಒತ್ತಿ, ಅವಳು ನೋಡುತ್ತಿದ್ದ ಕಡೆಗೇ ಕಣ್ಣಿಟ್ಟಳು. ಉಸಿರು ಹಿಡಿದಳು. ಎರಡು ಜೊಂಡಿನ ನಡುವೆ ಒಂದು ಒಣಗಿದ ಎಲೆ ಇತ್ತು. ಎಲೆ ತಲೆ ಹೊರಳಿಸಿತು. ಕೊನೆಯ ಸ್ವರಕ್ಕೆ ಅದರ ಕೊರಳು, ಹಣತೆಗೆ ಕಿಡಿ ಮುಟ್ಟಿಸಿದ ಹಾಗೆ, ಪಳಕ್ಕನೆ ಹತ್ತಿಕೊಂಡಿತು.

ಹಕ್ಕಿ ಹಾರಿತು. ಎಲೆಯಂತೆ ಉದುರಲಿಲ್ಲ, ತೆಂಕಣಕ್ಕೆ ನೆಟ್ಟಗೆ ಹಾರಿತು.

ಮಾಳವ್ವ ಎದ್ದು ನಿಂತಳು. ಕಲ್ಲುಕಟ್ಟೆಯಿರಲಿಲ್ಲ, ರಾಜನಿರಲಿಲ್ಲ. ನೀರಿನಲ್ಲಿ ನಿಂತ ಒದ್ದೆಯ ಜನ ಅವಳತ್ತ ನೋಡುತ್ತಿದ್ದರು. ಅವಳ ಬಲಗೈ ಇನ್ನೂ ಸೊಂಟಕ್ಕೆ ಹೊಲಿದುಕೊಂಡೇ ಇತ್ತು.

“ನಾನೂ ಕಂಡೆ,” ಎಂದಳು.

ಕೆಂಚವ್ವನ ಕಾಲಿನ ಎಳೆ ಬಿಚ್ಚಿಕೊಂಡು, ನೀರಿನ ಮೇಲೆ ಸದ್ದಿಲ್ಲದೆ ತೇಲಿಹೋಯಿತು.